ಹಿತ್ತಲ ಕೊಳದ ನೀರು ಎಲ್ಲಿ ಹೋಗುತ್ತಿದೆ? ಒಡೆಯುವ ಮೊದಲು ಅಳೆಯಿರಿ

ಬೇಸಿಗೆ ಶುರುವಾದರೆ, ಹಿತ್ತಲಲ್ಲಿ ತಾವರೆ ಕೊಳವೋ ಮೀನಿನ ತೊಟ್ಟಿಯೋ ಇಟ್ಟುಕೊಂಡವರಿಗೆ ಒಂದು ಅನುಮಾನ ಹುಟ್ಟುತ್ತದೆ. ಮೊನ್ನೆ ಅಂಚಿನ ಕಲ್ಲಿಗೆ ತಾಗಿದ್ದ ನೀರು ಇವತ್ತು ಎರಡು ಬೆರಳು ಕೆಳಗಿದೆ. ಬಿಸಿಲಿಗೆ ಆರಿತೋ, ಎಲ್ಲೋ ಸೋರಿತೋ? ಬಹಳ ಮಂದಿ ಇದಕ್ಕೆ ಉತ್ತರ ಹುಡುಕದೆ ನೇರವಾಗಿ ಗಾರೆಯವರನ್ನು ಕರೆಸುತ್ತಾರೆ. ಕೊಳ ಖಾಲಿ ಮಾಡಿಸಿ, ತಳಕ್ಕೆಲ್ಲ ಸಿಮೆಂಟು ಬಳಿಸಿ, ಮತ್ತೆ ತುಂಬಿಸುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ನೀರು ಮೊದಲಿನಂತೆಯೇ ಇಳಿಯತೊಡಗುತ್ತದೆ. ಸೋರುತ್ತಿದ್ದ ಜಾಗ ತಳದಲ್ಲಿರಲೇ ಇಲ್ಲ, ಪುಟ್ಟ ಜಲಪಾತದ ಪಕ್ಕದಲ್ಲಿ ಕುಸಿದಿದ್ದ ಒಂದು ಕಲ್ಲಿನ ಬಳಿ ಇತ್ತು.

ನೀರು ಕಳೆದುಕೊಳ್ಳುವ ಕೊಳ ತಾನು ಎಲ್ಲಿ ಸೋರುತ್ತಿದ್ದೇನೆಂದು ತಾನೇ ತೋರಿಸಿಕೊಡುತ್ತದೆ. ಅದಕ್ಕೆ ಮೂರ‍್ನಾಲ್ಕು ದಿನ, ಒಂದು ಬಕೆಟು, ಒಂದು ಸ್ಕೇಲು, ಒಂದು ನೋಟ್‌ಬುಕ್ಕು ಸಾಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಉಳಿ-ಸುತ್ತಿಗೆ ಕೊನೆಗೆ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ, ಕಾರಂಜಿಗೆ, ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತ್ತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲವೆಂದು ನಂಬಿಕೊಂಡು ಸೋರುವ ಕೊಳವನ್ನು ದಿನವೂ ತುಂಬಿಸುತ್ತಾ ಕೂರುವುದು ಸರಿಯಲ್ಲ.

ಮೊದಲು ನೀರು ಬರುವ ದಾರಿ ಮುಚ್ಚಿ

ಕೊಳಕ್ಕೆ ತಾನಾಗಿ ನೀರು ತುಂಬುವ ಬಾಲ್ ವಾಲ್ವ್ ಇದ್ದರೆ ಅದರ ಹಿಂದಿನ ನಲ್ಲಿ ಮುಚ್ಚಿ. ಸೋರಿಕೆಯನ್ನು ತಿಂಗಳುಗಟ್ಟಲೆ ಮುಚ್ಚಿಡುವುದು ಇದೇ. ಕೊಳ ಸದಾ ತುಂಬಿರುವಂತೆ ಕಾಣುತ್ತದೆ, ಮೇಲಿನ ಟ್ಯಾಂಕು ಮಾತ್ರ ಬೇಗ ಖಾಲಿಯಾಗುತ್ತಿರುತ್ತದೆ. ಕೆಲವೊಮ್ಮೆ ವಾಲ್ವಿನ ತೇಲುಬುರುಡೆ ಸ್ವಲ್ಪ ಮೇಲಕ್ಕೆ ಬಾಗಿ, ನೀರು ನಿಲ್ಲದೆ ಬಂದು, ಹೆಚ್ಚಾದದ್ದು ಕೋಡಿ ಪೈಪಿನಿಂದ ಚರಂಡಿಗೆ ಹೋಗುತ್ತಿರುತ್ತದೆ. ಆಗ ಕೊಳದಲ್ಲಿ ತೂತೇ ಇರುವುದಿಲ್ಲ, ಬಿಲ್ಲು ಮಾತ್ರ ಏರುತ್ತದೆ. ಕೋಡಿ ಪೈಪಿನ ಹೊರ ಬಾಯಿಯನ್ನು ಹುಡುಕಿ ನೋಡಿ. ಮಳೆಯಿಲ್ಲದ ದಿನ ಅಲ್ಲಿ ಒದ್ದೆ ಇದ್ದರೆ ನಿಮ್ಮ ಹುಡುಕಾಟ ಇಲ್ಲಿಗೇ ಮುಗಿಯಿತು. ವಾಲ್ವಿನ ಕಡ್ಡಿಯನ್ನು ಬಗ್ಗಿಸಿ, ನೀರು ಕೋಡಿಗಿಂತ 3–4 ಸೆಂಟಿಮೀಟರ್ ಕೆಳಗೇ ನಿಲ್ಲುವಂತೆ ಮಾಡಿ.

ನೀರಿಗೆ ಕೈ ಹಾಕುವ ಪ್ರತಿ ಸಲವೂ ಪಂಪಿನ ಪ್ಲಗ್ಗನ್ನು ಕಿತ್ತಿಡಿ. ಸ್ವಿಚ್ಚು ಆರಿಸಿದರೆ ಸಾಲದು. ಕೊಳದ ವಿದ್ಯುತ್ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೆ ತಾನಾಗಿ ಸಾಲನ್ನು ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ, ಉಳಿದೆಲ್ಲ ಕೆಲಸಕ್ಕಿಂತ ಮೊದಲು ಅದನ್ನು ಹಾಕಿಸಿ.

ಬಿಸಿಲಿನ ಪಾಲು ಎಷ್ಟು: ಬಕೆಟ್ ಪರೀಕ್ಷೆ

ತೆರೆದ ನೀರು ಆರುವುದು ಸಹಜ. ಬೆಂಗಳೂರು, ಮೈಸೂರಿನ ಕಡೆ ಬೇಸಿಗೆಯಲ್ಲಿ ದಿನಕ್ಕೆ 5ರಿಂದ 7 ಮಿಲಿಮೀಟರ್ ಇಳಿದರೆ ಗಾಬರಿ ಬೇಡ. ರಾಯಚೂರು, ಕಲಬುರಗಿಯ ಏಪ್ರಿಲ್–ಮೇ ಬಿಸಿಗಾಳಿಗೆ ಇದು 10 ಮಿಲಿಮೀಟರಿನ ಹತ್ತಿರಕ್ಕೂ ಹೋಗುತ್ತದೆ. ಮೋಡ ಕವಿದ ಆಷಾಢದಲ್ಲಿ 2–3 ಮಿಲಿಮೀಟರಿಗೆ ಇಳಿಯುತ್ತದೆ. ಆದರೆ ಇವು ಊರಿನ ಲೆಕ್ಕ. ಕಾಂಪೌಂಡ್ ಗೋಡೆಯ ನೆರಳಿನಲ್ಲಿರುವ ಕೊಳಕ್ಕೂ ಗಾಳಿ ಬೀಸುವ ಬಯಲಿನ ಕೊಳಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮ ಕೊಳದ ಲೆಕ್ಕವನ್ನು ನೀವೇ ತೆಗೆಯಬೇಕು.

15–20 ಲೀಟರಿನ ಬಕೆಟಿಗೆ ಕೊಳದ ನೀರನ್ನೇ ತುಂಬಿ. ನಲ್ಲಿಯ ತಣ್ಣೀರು ಬೇಡ, ಏಕೆಂದರೆ ಎರಡೂ ಒಂದೇ ಬಿಸಿಯಲ್ಲಿರಬೇಕು. ತಳಕ್ಕೆ ಎರಡು ಕಲ್ಲು ಹಾಕಿ, ಕೊಳದೊಳಗೆ ಮೆಟ್ಟಿಲಿನ ಮೇಲೋ ಇಟ್ಟಿಗೆ ಜೋಡಿಸಿಯೋ ಅಲುಗಾಡದಂತೆ ಕೂರಿಸಿ. ಬಕೆಟಿನ ಬಾಯಿ ಕೊಳದ ನೀರಿಗಿಂತ 4–5 ಸೆಂಟಿಮೀಟರ್ ಮಾತ್ರ ಮೇಲಿರಲಿ. ಹೆಚ್ಚು ಎತ್ತರವಾದರೆ ಅಂಚು ಗಾಳಿಯನ್ನು ತಡೆದು, ಬಕೆಟಿನ ನೀರು ಕಡಿಮೆ ಆರುತ್ತದೆ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟಕ್ಕೆ ಬರುವಂತೆ ಸರಿಮಾಡಿ. ಬಕೆಟಿನ ಒಳಮೈಯಲ್ಲಿ ಒಂದು, ಹೊರಮೈಯಲ್ಲಿ ಒಂದು ಗೆರೆ ಎಳೆಯಿರಿ. ಪೆನ್ನಿನ ಗುರುತು ಅಳಿಸಿಹೋಗುವಂತಿದ್ದರೆ ಇನ್ಸುಲೇಶನ್ ಟೇಪ್ ಅಂಟಿಸಿ. ಬೆಳಿಗ್ಗೆ ಏಳಕ್ಕೆ ಗುರುತು ಮಾಡಿದರೆ ಮರುದಿನ ಏಳಕ್ಕೇ ನೋಡಿ, ಪೂರಾ 24 ಗಂಟೆ ಆಗಿರಲಿ. ಮಧ್ಯೆ ಹಗುರ ಮಳೆ ಬಂದರೂ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಬೀಳುವುದರಿಂದ ಪರೀಕ್ಷೆ ಕೆಡುವುದಿಲ್ಲ. ಅಂಗಳದ ನೀರು ಹರಿದು ಕೊಳಕ್ಕೆ ಸೇರಿದರೆ ಮಾತ್ರ ಮರುದಿನ ಹೊಸದಾಗಿ ಮಾಡಿ.

ಒಳಗೆ ಇಳಿದದ್ದು ಬಿಸಿಲಿನ ಪಾಲು. ಹೊರಗೆ ಇಳಿದದ್ದರಲ್ಲಿ ಅದನ್ನು ಕಳೆದರೆ ಉಳಿಯುವುದು ಸೋರಿಕೆ. 1–2 ಮಿಲಿಮೀಟರ್ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಷ್ಟು ತಪ್ಪು ಕಣ್ಣಳತೆಯಲ್ಲೇ ಆಗುತ್ತದೆ. ಕೊಳದಲ್ಲಿ ತಾವರೆ ಎಲೆ, ಜೊಂಡು ಎದ್ದು ನಿಂತು ಅರ್ಧ ಮೈ ಮುಚ್ಚಿದ್ದರೆ ಇನ್ನೆರಡು ಮಿಲಿಮೀಟರ್ ಬಿಟ್ಟುಕೊಡಿ. ನೀರಿನಿಂದ ಮೇಲೆದ್ದ ಎಲೆಗಳು ಬೇರಿನಿಂದ ಹೀರಿ ಗಾಳಿಗೆ ಬಿಡುವ ನೀರು ಬಕೆಟಿನ ಲೆಕ್ಕದಲ್ಲಿ ಬರುವುದಿಲ್ಲ.

ಈಗ ಮಿಲಿಮೀಟರನ್ನು ಲೀಟರಿಗೆ ತಿರುಗಿಸಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಅಂದರೆ ಸರಿಯಾಗಿ ಒಂದು ಲೀಟರ್. 3 ಮೀಟರ್ ಉದ್ದ, 2 ಮೀಟರ್ ಅಗಲದ ಕೊಳ 6 ಚದರ ಮೀಟರ್. ಬಕೆಟಿನಲ್ಲಿ 6 ಮಿಲಿಮೀಟರ್, ಕೊಳದಲ್ಲಿ 25 ಮಿಲಿಮೀಟರ್ ಇಳಿದಿದ್ದರೆ, ದಿನದ ಒಟ್ಟು 150 ಲೀಟರಿನಲ್ಲಿ 36 ಲೀಟರ್ ಬಿಸಿಲಿಗೆ ಹೋಗಿದೆ, 114 ಲೀಟರ್ ಸೋರಿದೆ. ತಿಂಗಳಿಗೆ 3,400 ಲೀಟರ್ ದಾಟಿತು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಾದರೂ ಒಂದು ಹನಿಕೆ ಕಂಡಾಗ, ಇಷ್ಟೆಲ್ಲ ನೀರು ಇದರಿಂದಲೇ ಹೋಗಲು ಸಾಧ್ಯವೇ ಎಂದು ಕೇಳಿಕೊಳ್ಳಲು ಅದು ಬೇಕು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ಪೈಪು ದಿನಕ್ಕೆ ಕಳೆಯುವುದು ನಾಲ್ಕು ಲೀಟರಿನ ಆಸುಪಾಸು. ಅದನ್ನು ಬಿಗಿ ಮಾಡಿ ಕೆಲಸ ಮುಗಿಯಿತೆಂದು ಕೂತರೆ ಉಳಿದ 110 ಲೀಟರ್ ಹೋಗುತ್ತಲೇ ಇರುತ್ತದೆ.

ಪಂಪು ಓಡುವಾಗ ಒಂದು ದಿನ, ನಿಂತಾಗ ಒಂದು ದಿನ

ಕೊಳಕ್ಕೆ ಜಲಪಾತ, ಕಾರಂಜಿ ಅಥವಾ ಹೊರಗಿಟ್ಟ ಫಿಲ್ಟರ್ ಇದ್ದರೆ ಇಡೀ ಹುಡುಕಾಟದಲ್ಲಿ ಅತ್ಯಂತ ಉಪಯುಕ್ತ ಹಂತ ಇದು. ಮೇಲಿನ ಬಕೆಟ್ ಪರೀಕ್ಷೆಯನ್ನೇ ಪಂಪು ಎಡೆಬಿಡದೆ ಓಡುವಾಗ 24 ಗಂಟೆ ಒಮ್ಮೆ, ಪಂಪು ಪೂರ್ತಿ ನಿಲ್ಲಿಸಿ 24 ಗಂಟೆ ಇನ್ನೊಮ್ಮೆ ಮಾಡಿ.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಪಂಪು ನಿಲ್ಲಿಸಿದ ಕೂಡಲೆ ಜಲಪಾತದ ಹಾದಿಯಲ್ಲಿ, ಫಿಲ್ಟರಿನಲ್ಲಿ ಇದ್ದ ನೀರೆಲ್ಲ ಕೆಳಗಿಳಿದು ಕೊಳದ ಮಟ್ಟ ಏರುತ್ತದೆ. ಮತ್ತೆ ಶುರು ಮಾಡಿದರೆ ಅಷ್ಟೇ ಇಳಿಯುತ್ತದೆ. ಓಡುವಾಗ ಗುರುತು ಹಾಕಿ ನಿಂತಾಗ ಅಳೆದರೆ ಲೆಕ್ಕವೆಲ್ಲ ಅಡಿಮೇಲಾಗುತ್ತದೆ. ನಿಲ್ಲಿಸಿದ ಮೇಲಾಗಲಿ ಶುರು ಮಾಡಿದ ಮೇಲಾಗಲಿ ಅರ್ಧ ಗಂಟೆ ಬಿಟ್ಟು ಗುರುತು ಹಾಕಿ, ಅದೇ ಸ್ಥಿತಿಯಲ್ಲೇ ಅಳೆದು ಮುಗಿಸಿ.

ಮೀನುಗಳಿದ್ದರೆ ಪಂಪು ನಿಂತ ದಿನ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಾಳಿ ಪಂಪು ಓಡುತ್ತಿರಲಿ. ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಾಗುವುದು ಬೆಳಗಿನ ಜಾವ. ಸೂರ್ಯ ಹುಟ್ಟುವ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಪರೀಕ್ಷೆ ನಿಲ್ಲಿಸಿ, ಪಂಪು ಶುರು ಮಾಡಿ.

ಪಂಪು ಓಡುವಾಗ ಮಾತ್ರ ನಷ್ಟವಿದ್ದು ನಿಂತಾಗ ಕೊಳವೂ ಬಕೆಟೂ ಸಮನಾಗಿ ಇಳಿದರೆ ಕೊಳದ ತೊಟ್ಟಿ ಗಟ್ಟಿಯಾಗಿದೆ. ಕಾರಣ ಜಲಪಾತದಲ್ಲಿ, ಪೈಪಿನಲ್ಲಿ ಅಥವಾ ಫಿಲ್ಟರಿನಲ್ಲಿದೆ. ಎರಡೂ ದಿನ ಒಂದೇ ಪ್ರಮಾಣದ ನಷ್ಟವಾದರೆ ತೊಟ್ಟಿಯನ್ನೇ ನೋಡಬೇಕು. ನಿಂತಾಗಲೂ ನಷ್ಟವಿದ್ದು ಓಡುವಾಗ ಅದು ಹೆಚ್ಚಾದರೆ ಸೋರಿಕೆ ಎರಡು ಕಡೆ ಇರಬಹುದು. ಆಗ ಪಂಪಿನ ಕಡೆಯದನ್ನು ಮೊದಲು ಮುಗಿಸಿ.

ಜಲಪಾತ ಮತ್ತು ಅಂಚು

ಹಿತ್ತಲ ಕೊಳಗಳಲ್ಲಿ ನೀರು ಕಳೆಯುವ ಮುಖ್ಯ ಜಾಗ ಇದು. ಕಾರಣ ಸರಳ. ಗಂಟೆಗೆ 3,000 ಲೀಟರ್ ಎತ್ತುವ ಪಂಪಿನ ನೀರಿನಲ್ಲಿ ನೂರಕ್ಕೆ ಒಂದು ಪಾಲು ಅಂಚು ದಾಟಿದರೂ ದಿನಕ್ಕೆ 720 ಲೀಟರ್ ಆಯಿತು. ಮೇಲಿನ ಉದಾಹರಣೆಯ 114 ಲೀಟರಿಗೆ ಅದರ ಆರನೆಯ ಒಂದು ಪಾಲು ಸಾಕು, ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಎಳೆ.

ಖಚಿತ ಮಾಡಿಕೊಳ್ಳಲು ಜಲಪಾತವನ್ನು ಒಂದು ದಿನ ಬಿಟ್ಟುಬಿಡಿ. ಪಂಪಿನ ಪೈಪನ್ನು ಮೇಲಕ್ಕೆ ಒಯ್ಯುವ ಬದಲು ಒಂದು ತುಂಡು ಪೈಪು ಜೋಡಿಸಿ ನೇರವಾಗಿ ಕೊಳಕ್ಕೇ ಬಿಡಿ. ಮೀನಿಗೆ ಗಾಳಿಯೂ ಸಿಗುತ್ತದೆ. ನಷ್ಟ ನಿಂತರೆ ಕಳ್ಳ ಜಲಪಾತದ ಹಾದಿಯಲ್ಲೇ ಇದ್ದಾನೆ.

ಆ ಹಾದಿಯಲ್ಲಿ ನೋಡಬೇಕಾದದ್ದು ಹೀಗೆ. ಪಂಪು ಓಡುತ್ತಿರುವಾಗ ಮೇಲಿನಿಂದ ಕೆಳಗೆ ಎರಡೂ ಬದಿಯ ಮಣ್ಣನ್ನು ಬೆರಳಿನಿಂದ ಕೆದಕಿ. ಒಣ ದಿನದಲ್ಲಿ ಒದ್ದೆ ಮಣ್ಣು, ಒಂದು ಕಡೆ ಮಾತ್ರ ಹಸಿರಾಗಿ ಬೆಳೆದ ಹುಲ್ಲು, ಕಲ್ಲಿನ ಹೊರಮೈಯಲ್ಲಿ ಬಿಳಿ ಉಪ್ಪಿನ ಗೆರೆ, ಇರುವೆ ಗೂಡು ಹಠಾತ್ತನೆ ಜಾಗ ಬದಲಿಸಿದ್ದು, ಇವೆಲ್ಲ ಗುರುತುಗಳೇ. ಜಲಪಾತಕ್ಕಾಗಿ ಗುಡ್ಡೆ ಹಾಕಿದ ಮಣ್ಣು ಮೊದಲ ಎರಡು ಮಳೆಗಾಲದಲ್ಲಿ ಕೂರುತ್ತದೆ. ಅದರ ಜೊತೆ ಒಂದು ಬದಿಯ ಅಂಚೂ ಕೂರುತ್ತದೆ. ಕಟ್ಟುವಾಗ ಸರಿಯಾಗಿದ್ದ ಅಂಚು ಈಗ ಒಂದು ಬೆರಳು ತಗ್ಗಿರಬಹುದು. ಪಾಚಿ, ಉದುರಿದ ಎಲೆ, ಬೆಳೆದ ಗಿಡದ ಬೇರು ಹಾದಿಗೆ ಅಡ್ಡ ನಿಂತರೆ ಅದರ ಹಿಂದೆ ನೀರು ಏರಿ ಪಕ್ಕದಿಂದ ದಾಟುತ್ತದೆ. ಬೀಳುವ ನೀರು ಕಲ್ಲಿನ ಕೆಳಮೈ ಹಿಡಿದು ಹಿಂದಕ್ಕೆ ಹರಿಯುವುದೂ ಉಂಟು. ಹೊರಚಾಚಿದ ಕಲ್ಲಿನ ಅಡಿಯಲ್ಲಿ, ತುದಿಯ ಹತ್ತಿರ, ಒಂದು ಸಣ್ಣ ಗೀರು ಕೊರೆಸಿದರೆ ನೀರು ಅಲ್ಲಿಂದಲೇ ಕಳಚಿ ಬೀಳುತ್ತದೆ. ಮನೆಯ ಕಿಟಕಿ ಮೇಲಿನ ಸಜ್ಜಾದ ಅಡಿಯಲ್ಲಿ ಗೀರು ಬಿಡುವುದೂ ಇದಕ್ಕೇ. ಕಾರಂಜಿ ಇದ್ದರೆ ಗಾಳಿ ಬೀಸುವ ಸಂಜೆ ಸುತ್ತಲ ಕಲ್ಲು ಎಲ್ಲಿಯವರೆಗೆ ನೆನೆಯುತ್ತದೆ ನೋಡಿ. ಚಿಮ್ಮುವ ಎತ್ತರ ಕೊಳದ ಅಂಚಿಗಿರುವ ದೂರಕ್ಕಿಂತ ಕಡಿಮೆ ಇರಲಿ.

ಕೊಳದ ಅಂಚಿಗೆ ಬನ್ನಿ. ರಸಮಟ್ಟ ಇಟ್ಟು ನೋಡಬಹುದು, ಆದರೆ ಬಾಗಿದ ಅಂಚಿಗೆ ಗಾರೆಯವರು ಬಳಸುವ ಪಾರದರ್ಶಕ ನೀರಿನ ಪೈಪೇ ವಾಸಿ. 10 ಮೀಟರ್ ಪೈಪಿಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯನ್ನು ಒಂದೇ ಕಡೆ ಹಿಡಿದು ಇನ್ನೊಂದನ್ನು ಸುತ್ತಲೂ ಒಯ್ದರೆ ಯಾವ ಕಲ್ಲು ತಗ್ಗಿದೆ ಎಂದು ತಿಳಿಯುತ್ತದೆ.

ಅಂಚಿನ ಇನ್ನೊಂದು ಕಳ್ಳತನವನ್ನು ಯಾರೂ ಗಮನಿಸುವುದಿಲ್ಲ. ಹುಲ್ಲುಹಾಸು ಬೆಳೆದು ನೀರಿಗೆ ಇಳಿದಿರುತ್ತದೆ, ಅಥವಾ ಅಂದಕ್ಕೆಂದು ಹಾಸಿದ ತೆಂಗಿನ ನಾರಿನ ಚಾಪೆಯ ತುದಿ ನೀರಿನಲ್ಲಿರುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಅದು ನೀರನ್ನು ಅಂಚಿನ ಆಚೆಯ ಒಣ ಮಣ್ಣಿಗೆ ಹಗಲೂ ರಾತ್ರಿ ಎಳೆಯುತ್ತದೆ. ಪ್ಲಾಸ್ಟಿಕ್ ಅಥವಾ ರಬ್ಬರ್ ಶೀಟು ಹಾಸಿದ ಕೊಳದಲ್ಲಿ ಅಂಚಿನ ಮೇಲೆ ಮಣ್ಣು ಎಳೆದು ನೀರಿಗೆ ತಾಗಿಸಿದ್ದರೂ ಇದೇ ಕತೆ. ಮಣ್ಣು ಸರಿಸಿ, ಶೀಟಿನ ತುದಿ ನೀರಿನ ಮಟ್ಟಕ್ಕಿಂತ 8–10 ಸೆಂಟಿಮೀಟರ್ ಮೇಲೆ ನೆಟ್ಟಗೆ ನಿಲ್ಲುವಂತೆ ಕಲ್ಲು ಒತ್ತಿಡಿ.

ಪೈಪು, ಫಿಲ್ಟರ್

ಜಲಪಾತ ಬಿಟ್ಟರೂ ನಷ್ಟ ನಿಲ್ಲದಿದ್ದರೆ ಪೈಪಿನ ಜೋಡಣೆಗಳನ್ನು ಒಂದೊಂದಾಗಿ ಒಣ ಬಟ್ಟೆಯಿಂದ ಒರೆಸಿ, ಪ್ರತಿ ಜೋಡಣೆಗೂ ಹಳೆಯ ದಿನಪತ್ರಿಕೆಯ ಪಟ್ಟಿ ಸುತ್ತಿ ಒಂದು ಗಂಟೆ ಬಿಡಿ. ಒದ್ದೆಯಾದ ಪಟ್ಟಿ ಜಾಗ ಹೇಳುತ್ತದೆ. ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ) ಜೋಡಣೆ ಸೋರಿದರೆ ಬಿಗಿಮಾಡುವ ಮೊದಲು ಬಿಚ್ಚಿ ಒಳಗಿನ ರಬ್ಬರ್ ಉಂಗುರ ನೋಡಿ. ಅದರ ಮೇಲೆ ಒಂದು ಮರಳ ಕಾಳಿದ್ದರೂ ಎಷ್ಟು ಬಿಗಿಮಾಡಿದರೂ ಸೋರುತ್ತದೆ. ಸಿಲಿಕಾನ್ ಗ್ರೀಸ್ ಸವರಿ ಮತ್ತೆ ಕೂರಿಸಿ. ನೀರು ಹಸಿರಾಗದಂತೆ ಫಿಲ್ಟರಿನ ಜೊತೆ ಹಾಕುವ ಯುವಿ ದೀಪವಿದ್ದರೆ ಅದರ ಕೊಳವೆಯ ಎರಡೂ ತುದಿಯ ಉಂಗುರಗಳು ಬಿಸಿಗೆ ಗಡುಸಾಗಿ ಸೋರುವುದು ಸಾಮಾನ್ಯ.

ಒತ್ತಡದ ಫಿಲ್ಟರಿನಲ್ಲಿ ಕೊಳೆ ಹೊರಹಾಕುವ ಪೈಪೊಂದು ಚರಂಡಿಗೆ ಹೋಗುತ್ತದೆ. ವಾಲ್ವಿನ ಒಳಗಿನ ಗ್ಯಾಸ್ಕೆಟ್ ಸವೆದಿದ್ದರೆ, ಹಿಡಿ ಸರಿಯಾದ ಜಾಗದಲ್ಲೇ ಇದ್ದರೂ ನೀರು ಸದ್ದಿಲ್ಲದೆ ಆ ಕಡೆ ಹೋಗುತ್ತಿರುತ್ತದೆ. ಆ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಒಂದು ಗಂಟೆ ಪಂಪು ಓಡಿಸಿದರೆ ಗೊತ್ತಾಗುತ್ತದೆ. ಮಣ್ಣಿನಡಿ ಹೂತ ಪೈಪಿನ ಮೇಲೆ ಅನುಮಾನವಿದ್ದರೆ ಎರಡೂ ತುದಿಗೆ ರಬ್ಬರ್ ಬಿರಡೆ ಹಾಕಿ, ಮೇಲ್ತುದಿಯ ಬಿರಡೆಗೆ ತೂತು ಮಾಡಿ ಅದರಲ್ಲಿ ಪಾರದರ್ಶಕ ಪೈಪಿನ ತುಂಡು ನಿಲ್ಲಿಸಿ ನೀರು ತುಂಬಿ ಗುರುತು ಮಾಡಿ. ಒಂದು ರಾತ್ರಿಯಲ್ಲಿ ಆ ನೀರು ಬೆರಳುಗಟ್ಟಲೆ ಇಳಿದರೆ ಅಗೆಯಬೇಕಾದ್ದು ಅಲ್ಲೇ.

ನೀರು ನಿಲ್ಲುವ ಮಟ್ಟಕ್ಕೆ ಕಾಯಿರಿ

ಪಂಪು ನಿಂತಾಗಲೂ ನೀರು ಇಳಿಯುತ್ತಿದೆ ಎಂದುಕೊಳ್ಳೋಣ. ಈಗ ತುಂಬಿಸುವುದನ್ನು ಬಿಟ್ಟು, ಇಳಿಯಲು ಬಿಡಿ. ಗೋಡೆಗೆ ಒಂದು ಸ್ಟೀಲ್ ಸ್ಕೇಲ್ ಅಂಟಿಸಿ ದಿನಕ್ಕೆರಡು ಸಲ ಮಟ್ಟ ಬರೆಯಿರಿ. ತೂತಿನ ಮೇಲೆ ನಿಂತ ನೀರು ಕಡಿಮೆಯಾದಂತೆ ಸೋರುವ ವೇಗವೂ ತಗ್ಗುತ್ತದೆ. ನೀರಿನ ಎತ್ತರ ಅರ್ಧಕ್ಕೆ ಬಂದಾಗ ವೇಗ ಸುಮಾರು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಇರುತ್ತದೆ, ಕೊನೆಗೆ ತೂತಿನ ಮಟ್ಟಕ್ಕೆ ಬಂದಾಗ ಬಿಸಿಲಿನ ಪಾಲಷ್ಟೇ ಉಳಿಯುತ್ತದೆ. ದಿನಕ್ಕೆ 20, 17, 12, 7, 6, 6 ಮಿಲಿಮೀಟರ್ ಎಂದು ಅಂಕಿ ಬಂದರೆ ನಾಲ್ಕನೆಯ ದಿನದ ಮಟ್ಟದ ಆಸುಪಾಸಿನಲ್ಲೇ ತೂತಿದೆ. ಸುತ್ತಲೂ ಆ ಗೆರೆಯಿಂದ ಮೇಲೆ ಕೆಳಗೆ 5 ಸೆಂಟಿಮೀಟರ್ ಪಟ್ಟಿಯನ್ನು ಮಾತ್ರ ಹುಡುಕಿದರೆ ಸಾಕು. ಇಡೀ ಕೊಳ ಕೆರೆಯಬೇಕಿಲ್ಲ. ವೇಗ ತಗ್ಗದೆ ನೀರು ತಳದವರೆಗೂ ಇಳಿದರೆ ಬಿರುಕು ತಳದಲ್ಲಿ, ತಳದ ಪೈಪಿನ ಸುತ್ತ, ಅಥವಾ ಗೋಡೆ ತಳ ಸೇರುವ ಮೂಲೆಯಲ್ಲಿದೆ.

ಮೀನಿದ್ದರೆ ನೀರು ಅರ್ಧಕ್ಕಿಂತ ಕೆಳಗಿಳಿಯುವ ಮೊದಲೇ ಅವನ್ನು ಸ್ಥಳಾಂತರಿಸಿ.

ಪಟ್ಟಿ ಗೊತ್ತಾದ ಮೇಲೆ ಬಿಂದುವನ್ನು ಹಿಡಿಯಲು ಹಾಲು ಬಳಸಿ. ನೀರು ತೂತಿಗಿಂತ 3–4 ಸೆಂಟಿಮೀಟರ್ ಮೇಲಿರುವಾಗ, ಗಾಳಿ ಪಂಪೂ ನಿಲ್ಲಿಸಿ, ನೀರು ಕದಲದಂತೆ ಕಾಲು ಗಂಟೆ ಕಾಯಿರಿ. ಸೂಜಿ ತೆಗೆದ 5 ಮಿಲಿಲೀಟರ್ ಸಿರಿಂಜಿನಲ್ಲಿ ಹಾಲು ತುಂಬಿ, ಅನುಮಾನದ ಜಾಗದಿಂದ ಎರಡು ಬೆರಳು ದೂರದಲ್ಲಿ ಮೆಲ್ಲಗೆ ಒಂದೆರಡು ಹನಿ ಬಿಡಿ. ಸೋರುವ ಜಾಗವಿದ್ದರೆ ಬಿಳಿ ಮೋಡ ಎಳೆಯಾಗಿ ಅತ್ತ ಸಾಗಿ ಗೋಡೆಯೊಳಗೆ ಮಾಯವಾಗುತ್ತದೆ, ಇಲ್ಲದಿದ್ದರೆ ಅಲ್ಲೇ ಹರಡಿ ನಿಲ್ಲುತ್ತದೆ. ಒಟ್ಟು ನಾಲ್ಕೈದು ಚಮಚ ಹಾಲಿಗಿಂತ ಹೆಚ್ಚು ಬೇಡ. ಕೊಳೆಯುವ ಹಾಲು ನೀರಿನ ಆಮ್ಲಜನಕ ತಿನ್ನುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಬಣ್ಣ ಚೆನ್ನಾಗಿ ಕಾಣುತ್ತದೆಂದು ಅದನ್ನು ಹಾಕಬೇಡಿ, ಪ್ರಮಾಣ ತಪ್ಪಿದರೆ ಮೀನಿನ ಕಿವಿರು ಸುಡುತ್ತದೆ.

ಸಿಮೆಂಟ್ ಕೊಳವಾದರೆ

ಸಿಮೆಂಟ್ ತೊಟ್ಟಿಯಲ್ಲಿ ಬಯಲು ಗೋಡೆ ಅಪರೂಪಕ್ಕೆ ಸೋರುತ್ತದೆ. ಗೋಡೆ–ತಳದ ಮೂಲೆ, ಪೈಪು ಹೊರಹೋಗುವ ತೂತು, ಒಂದು ದಿನದ ಕಾಂಕ್ರೀಟಿಗೆ ಮರುದಿನದ ಕಾಂಕ್ರೀಟು ಸೇರಿದ ಗೆರೆ, ಈ ಮೂರರಲ್ಲಿ ಒಂದಿರುತ್ತದೆ. ಖಾಲಿ ಮಾಡಿದ ಕೊಳವನ್ನು ಬ್ರಷ್ಷಿನಿಂದ ತೊಳೆದು ಒಣಗಲು ಬಿಟ್ಟು ಆಗಾಗ ನೋಡಿ. ಸುತ್ತಲ ಸಿಮೆಂಟು ಬೆಳ್ಳಗಾದ ಮೇಲೂ ಬಿರುಕು ಕಪ್ಪು ಗೆರೆಯಾಗಿ ಉಳಿಯುತ್ತದೆ. ಆಗಲೇ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ, ಸಂಜೆಗೆ ಅದು ಕಾಣುವುದಿಲ್ಲ.

ಬಿರುಕಿನ ಮೇಲೆ ಸಿಮೆಂಟ್ ಹಾಲು ಬಳಿಯುವುದು ವ್ಯರ್ಥ. ಉಳಿಯಿಂದ 12 ಮಿಲಿಮೀಟರ್ ಅಗಲ, ಅಷ್ಟೇ ಆಳಕ್ಕೆ ಕೊರೆಯಿರಿ, ಎರಡೂ ತುದಿಯಲ್ಲಿ ಬಿರುಕು ಕಾಣುವುದಕ್ಕಿಂತ 5 ಸೆಂಟಿಮೀಟರ್ ಮುಂದಕ್ಕೆ ಹೋಗಿ. ಕಾಲುವೆಯ ತಳ ಬಾಯಿಗಿಂತ ಕಿರಿದಾಗಿರಬಾರದು, ಕಿರಿದಾದರೆ ತುಂಬಿದ ಗಾರೆ ಬೆಣೆಯಂತೆ ಹೊರಬರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ತೊಳೆದು, ಮೈ ಒದ್ದೆಯಿದ್ದು ನೀರು ನಿಲ್ಲದ ಹದದಲ್ಲಿ ಎಸ್‌ಬಿಆರ್ ಲೇಟೆಕ್ಸ್ (ಹಳೆ ಸಿಮೆಂಟಿಗೆ ಹೊಸದು ಅಂಟಲು ಬೆರೆಸುವ ಹಾಲಿನಂಥ ದ್ರವ), ನೀರು ಸಮ ಪಾಲು ಬೆರೆಸಿ ಸಿಮೆಂಟು ಕಲಸಿದ ಅಂಟನ್ನು ಬ್ರಷ್ಷಿನಿಂದ ಸವರಿ. ಅದು ಅಂಟಂಟಾಗಿರುವಾಗಲೇ ಒಂದು ಪಾಲು ಸಿಮೆಂಟು, ಮೂರು ಪಾಲು ಜರಡಿ ಹಿಡಿದ ಮರಳಿನ ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿ. ಗಾರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಗಟ್ಟಿ ಇರಲಿ. ಅಂಟು ಒಣಗಿದ ಮೇಲೆ ತುಂಬಿದರೆ ಅದೇ ಎರಡರ ನಡುವೆ ಪದರವಾಗಿ ನಿಂತು ಬಿಡಿಸುತ್ತದೆ. ಬಹುಪಾಲು ರಿಪೇರಿಗಳು ಕೆಡುವುದು ಇಲ್ಲೇ. ಏಳು ದಿನ ಒದ್ದೆ ಗೋಣಿ ಹೊದಿಸಿ. ಆಮೇಲೆ ಕುಡಿಯುವ ನೀರಿನ ತೊಟ್ಟಿಗೆ ಆಗುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ಪಾಲಿಮರ್ ಸಿಮೆಂಟ್ ಲೇಪವನ್ನು ಬಿರುಕಿನ ಎರಡೂ ಬದಿಗೆ 15 ಸೆಂಟಿಮೀಟರ್ ಬರುವಂತೆ ಎರಡು ಸಲ ಬಳಿಯಿರಿ, ಮೊದಲ ಸಲ ಅಡ್ಡಡ್ಡ, ಎರಡನೆಯ ಸಲ ಉದ್ದುದ್ದ. ಮೂಲೆಯಲ್ಲಿ ಗಾರೆಯನ್ನು ಗುಂಡಗೆ ಬಳಿದು, ಎರಡು ಲೇಪಗಳ ನಡುವೆ ಫೈಬರ್ ಜಾಲರಿ ಕೂರಿಸಿ. ಚೂಪು ಮೂಲೆಯ ಮೇಲೆ ಲೇಪ ತೆಳುವಾಗಿ, ಮತ್ತೆ ಅಲ್ಲೇ ಸೀಳುತ್ತದೆ.

ಪಿವಿಸಿ ಪೈಪಿಗೆ ಸಿಮೆಂಟು ಅಂಟುವುದಿಲ್ಲ ಎಂಬುದನ್ನು ಎಷ್ಟು ಹೇಳಿದರೂ ಸಾಲದು. ಪೈಪಿನ ಸುತ್ತ 25 ಮಿಲಿಮೀಟರ್ ಕೊರೆದು, ಪೈಪಿನ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ನೀರು ತಾಗಿದರೆ ಉಬ್ಬುವ ರಬ್ಬರ್ ಪಟ್ಟಿಯನ್ನು ಸುತ್ತಿ, ಒಣಗಿದಾಗ ಕುಗ್ಗದ ಗ್ರೌಟ್ (ಸಂದಿಗೆ ತುಂಬುವ ತೆಳು ಗಾರೆ) ತುಂಬಿ.

ಕೆಲವು ಬಿರುಕುಗಳು ಪ್ರತಿ ವರ್ಷ ತೆರೆದುಕೊಳ್ಳುತ್ತವೆ. ಎರೆಮಣ್ಣಿನ ನೆಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಧಾರವಾಡ, ಗದಗಿನ ಕಡೆ ಇದು ಸಾಮಾನ್ಯ. ಅಂಥಲ್ಲಿ ಗಾರೆ ನಿಲ್ಲದು, ಹಿಗ್ಗುವ ಪಾಲಿಯುರೇಥೇನ್ ಸೀಲಂಟ್ ಬೇಕು. ಅದಕ್ಕೆ ಮೈ ಪೂರ್ತಿ ಒಣಗಿರಬೇಕು. ಬಿರುಕಿನಲ್ಲಿ ಅಶ್ವತ್ಥದ ಸಸಿ ಎದ್ದಿದ್ದರೆ ಬೇರು ಸಮೇತ ಬಿಡಿಸಿದ ಮೇಲೆಯೇ ಮುಂದಿನ ಕೆಲಸ. ಮೇಲೆ ಕತ್ತರಿಸಿದರೆ ಒಳಗಿನ ಬೇರು ದಪ್ಪವಾಗುತ್ತಲೇ ಹೋಗುತ್ತದೆ.

ಶೀಟ್ ಹಾಸಿದ ಕೊಳ, ಮಣ್ಣಿನ ಕೊಳ

ಶೀಟಿನಲ್ಲಿ ತೂತಾಗುವುದು ಹೆಚ್ಚಾಗಿ ಅಂಚಿನ ಕಲ್ಲಿನಡಿ, ಮಡಿಕೆಗಳಲ್ಲಿ, ಮತ್ತು ಹೆಗ್ಗಣ ಕೆಳಗಿನಿಂದ ಕೊರೆದ ಕಡೆ. ಕೊಳದ ಪಕ್ಕ ಹೊಸ ಮಣ್ಣಿನ ಗುಡ್ಡೆ ಕಂಡರೆ ಮೊದಲು ಅದರ ನೇರಕ್ಕೇ ನೋಡಿ. ಬಿದಿರು ಹತ್ತಿರವಿದ್ದರೆ ಅದರ ಮೊಳಕೆ ಶೀಟನ್ನು ಸೀದಾ ಚುಚ್ಚಿ ಬರುತ್ತದೆ.

ತೇಪೆ ಹಾಕುವ ಮೊದಲು ಶೀಟು ಯಾವುದೆಂದು ತಿಳಿಯಬೇಕು. ರಬ್ಬರಿನಂತೆ ಎಳೆದರೆ ಹಿಗ್ಗುವ ಇಪಿಡಿಎಂ ಆದರೆ ಅದರದೇ ಪ್ರೈಮರ್ ಸವರಿ, ತೇಪೆ ಅಂಟಿಸಿ, ರೋಲರಿನಿಂದ ಗಾಳಿ ಹೊರಗೆ ಒತ್ತಬೇಕು. ಪಿವಿಸಿಗೆ ವಿನೈಲ್ ಅಂಟು ಸಾಕು. ಕೃಷಿ ಹೊಂಡಕ್ಕೆ ಹಾಸುವ ಎಚ್‌ಡಿಪಿಇ ಶೀಟನ್ನೇ ಹಿತ್ತಲಿಗೂ ಹಾಕಿಸಿದ್ದರೆ ಯಾವ ಅಂಟೂ ಹಿಡಿಯುವುದಿಲ್ಲ, ಅದರ ಮೈ ಮೇಣದಂತಿರುತ್ತದೆ. ಬಿಸಿಗಾಳಿ ಯಂತ್ರದಿಂದ ಬೆಸೆಸಬೇಕು; ಕೃಷಿ ಹೊಂಡಕ್ಕೆ ಶೀಟು ಹಾಸುವವರ ಬಳಿ ಆ ಯಂತ್ರ ಇರುತ್ತದೆ. ಅದುವರೆಗೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರ್ ಅಂಟುಪಟ್ಟಿ) ತಾತ್ಕಾಲಿಕವಾಗಿ ತಡೆಯುತ್ತದೆ. ತೇಪೆ ಯಾವುದೇ ಆಗಲಿ, ತೂತಿನ ಸುತ್ತ ಎಲ್ಲ ಕಡೆ 8 ಸೆಂಟಿಮೀಟರ್ ಇರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೌಕ ಮೂಲೆ ಮೊದಲು ಏಳುತ್ತದೆ. ಕೆಳಗಿನ ಕಲ್ಲನ್ನು ತೆಗೆಯದೆ ತೇಪೆ ಹಾಕಿದರೆ ಅದೇ ಕಲ್ಲು ತೇಪೆಯನ್ನೂ ಚುಚ್ಚುತ್ತದೆ. ಶೀಟು ಎತ್ತಿ, 5 ಸೆಂಟಿಮೀಟರ್ ಮರಳು ಹಾಸಿ.

ಕರಾವಳಿಯಲ್ಲಿ ಮಳೆಗಾಲದಲ್ಲಿ ಶೀಟಿನ ಕೊಳವನ್ನು ಖಾಲಿ ಮಾಡಲೇಬೇಡಿ. ನೆಲದ ನೀರು ಮೇಲಿದ್ದರೆ ಶೀಟು ಗುಳ್ಳೆಯಂತೆ ಎದ್ದು ನಿಲ್ಲುತ್ತದೆ.

ಮಣ್ಣಿನ ಕೊಳ ಸ್ವಲ್ಪ ಇಂಗುವುದು ಅದರ ಗುಣ. ಹಠಾತ್ತನೆ ಹೆಚ್ಚಾದರೆ ಏಡಿ ಬಿಲ, ಸತ್ತ ಮರದ ಬೇರು ಕೊಳೆತು ಆದ ಪೊಳ್ಳು ಹುಡುಕಿ. ಬಿಲವನ್ನು ಕೊನೆಯವರೆಗೂ ಬಿಡಿಸಿ, ಒದ್ದೆ ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ ದಿಮ್ಮಿಸಿನಿಂದ ಬಡಿಯಬೇಕು. ಮುರಕಲ್ಲಿನ ನೆಲದಲ್ಲಿ ಜೇಡಿಯ ಹೊದಿಕೆ ಒಂದು ಅಡಿಯಷ್ಟಾದರೂ ಇಲ್ಲದೆ ನೀರು ನಿಲ್ಲುವುದು ಕಷ್ಟ. ಜೇಡಿ ಒಣಗಿ ಬಿರಿದರೆ ಮತ್ತೆ ಮೊದಲಿನಿಂದ ಶುರು, ಹಾಗಾಗಿ ರಿಪೇರಿ ಮುಗಿದ ದಿನವೇ ನೀರು ಬಿಡಿ.

ಮೀನು, ಮರುತುಂಬುವಿಕೆ

ಮೀನುಗಳನ್ನು ಕೊಳದ ನೀರನ್ನೇ ತುಂಬಿದ ದೊಡ್ಡ ಟಬ್ಬಿಗೆ ಬಿಟ್ಟು ನೆರಳಿನಲ್ಲಿಡಿ. ಹಿಂದಿನ ದಿನದಿಂದಲೇ ಮೇವು ನಿಲ್ಲಿಸಿ, ಗಾಳಿ ಪಂಪು ಓಡಲಿ, ಮೇಲೆ ಬಲೆ ಕಟ್ಟಿ, ಗಾಬರಿಯಾದ ಮೀನು ಹಾರುತ್ತದೆ. ಖಾಲಿ ಕೊಳದ ಮೂಲೆಯಲ್ಲಿ ನೀರು ವಾರಗಟ್ಟಲೆ ನಿಂತರೆ ಸೊಳ್ಳೆ ಮರಿಯಾಗುತ್ತದೆ, ಸ್ಪಂಜಿನಿಂದ ಹಿಂಡಿ ತೆಗೆಯಿರಿ.

ಹೊಸ ಸಿಮೆಂಟು ನೀರಿಗೆ ಸುಣ್ಣದ ಕ್ಷಾರ ಬಿಡುತ್ತದೆ, ಅದು ಮೀನನ್ನು ಕೊಲ್ಲುತ್ತದೆ. ತುಂಬಿ, ನಾಲ್ಕೈದು ದಿನ ಬಿಟ್ಟು, ಖಾಲಿ ಮಾಡಿ, ಹೀಗೆ ಎರಡು ಮೂರು ಸಲ ಮಾಡಿ. ಆ ನೀರಿಗೆ ಕತ್ತರಿಸಿದ ಬಾಳೆದಿಂಡು ಹಾಕಿ ಕೊಳೆಯಲು ಬಿಡುವ ಹಳೆಯ ಪದ್ಧತಿ ನಮ್ಮ ಕಡೆ ಇದೆ. ಹಾಕಿದರೆ ಆ ನೀರನ್ನು ಪೂರ್ತಿ ಹೊರಹಾಕಿಯೇ ಮುಂದುವರಿಯಿರಿ. ಏನೇ ಮಾಡಿದರೂ ಪಿಎಚ್ ಪಟ್ಟಿಯಲ್ಲಿ 7ರಿಂದ 8.5ರೊಳಗೆ ಕಾಣುವವರೆಗೆ ಮೀನು ಬಿಡಬೇಡಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಮೀನಿರುವ ಕೊಳಕ್ಕೆ ಒಂದು ಸಲಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಸೇರಿಸಬೇಡಿ, ಅದನ್ನೂ ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ.

ತುಂಬಿದ ಮೊದಲ ಎರಡು ದಿನ ಅಳೆಯಬೇಡಿ, ಒಣಗಿದ್ದ ಗಾರೆ ನೀರು ಕುಡಿಯುತ್ತಿರುತ್ತದೆ. ಮೂರನೆಯ ದಿನ ಬೆಳಿಗ್ಗೆ ಬಕೆಟನ್ನು ಮತ್ತೆ ಅದೇ ಮೆಟ್ಟಿಲಿನ ಮೇಲೆ ಕೂರಿಸಿ, ಸತತ ಮೂರು ದಿನ ಬರೆದಿಡಿ. ಒಳಗೂ ಹೊರಗೂ ಒಂದೇ ಇಳಿತ ಬಂದ ಮೇಲೆ ಬಾಲ್ ವಾಲ್ವಿನ ನಲ್ಲಿ ತೆರೆಯಿರಿ. ಸ್ಟೀಲ್ ಸ್ಕೇಲನ್ನು ಮಾತ್ರ ಗೋಡೆಯಿಂದ ಕೀಳಬೇಡಿ.